ಬಣ್ಣ ಬಿಡುವ ಹೊತ್ತು

"ಹಾಳಾಗಿ ಹೋಗ್ಲಿ ಇವರ ಫ್ಯಾಕ್ಟರಿ!" ಎಂದು ದೊಡ್ಡಕ್ಕ ಹೊಳೆಯ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಕೂಗಿದಳು. ಕೈಯಲ್ಲಿದ್ದ ಲಾಡ್ಜಿನ ಬೆಡ್‌ಶೀಟು ಅರ್ಧ ಬಿಳಿಯಾಗಿಯೇ ಇತ್ತು, ಇನ್ನರ್ಧ ಗುಲಾಬಿಗೆ ತಿರುಗಿತ್ತು. ಸೋಪಿನ ನೊರೆ ತೆಗೆದು ಕೊನೆಯ ಸಲ ಜಾಲಿಸುವಷ್ಟರಲ್ಲಿ ಮೇಲಿನ ಬಟ್ಟೆ ಕಾರ್ಖಾನೆಯಿಂದ ಬಣ್ಣದ ನೀರು ಹರಿದುಬಂದಿತ್ತು. ಹೋದ ವಾರ ನೀಲಿ, ಅದಕ್ಕೂ ಮುಂಚೆ ಹಸಿರು.

"ನಿಂದು ಲಾಡ್ಜಿನ ಬಟ್ಟೆ, ಹೇಗೋ ನಡೆಯುತ್ತೆ," ಎಂದು ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಪಿಟೀಲು ರಾಗ ಎಳೆದಳು. "ನಂದು ಆಸ್ಪತ್ರೆ ಗೌನು. ಗುಲಾಬಿ ಗೌನು ಹಾಕ್ಕೊಂಡ್ರೆ ಯಾವ ರೋಗಿ ಎದ್ದು ಕೂತಾನು?" ಬೆಳಗಿನಿಂದ ಸಂಜೆಯವರೆಗೆ ಗೊಣಗುತ್ತಿದ್ದುದರಿಂದ ಅವಳಿಗೆ ಪಿಟೀಲು ಎಂಬ ಹೆಸರು ಬಿದ್ದಿತ್ತು. ಯಾರಾದರೂ ಹಾಗೆ ಕೂಗಿದರೆ ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು.

ಲಾಡ್ಜಿನ ಮ್ಯಾನೇಜರು ಬೆಡ್‌ಶೀಟನ್ನು ಕೌಂಟರಿನ ಮೇಲೆ ಹರಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದ. "ನಾನು ಕೊಟ್ಟಿದ್ದು ಬೆಡ್‌ಶೀಟು, ನೀವು ತಂದಿರೋದು ಸೀರೆ. ಇನ್ನೊಂದು ಸಲ ಹೀಗಾದ್ರೆ ಮಿಷನ್ ಲಾಂಡ್ರಿಗೇ ಹಾಕಿಬಿಡ್ತೀನಿ, ಆಮೇಲೆ ನನ್ನನ್ನ ಅನ್ನಬೇಡಿ."

ನಲ್ಲಿ ನೀರಲ್ಲಿ ಒಗೆಯೋಣವೆಂದರೆ ನಲ್ಲಿಯಲ್ಲಿ ಕುಡಿಯುವುದಕ್ಕೇ ನೀರಿಲ್ಲ. ದೊಡ್ಡಕ್ಕನ ತಲೆ ಕೆಟ್ಟುಹೋಯಿತು. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನೆಟ್ಟಗೆ ಕಾರ್ಖಾನೆಗೆ ನಡೆದಳು. ಗೇಟಿನಲ್ಲಿದ್ದ ಕಾವಲುಗಾರ ಅವಳ ಮುಖವನ್ನೂ ನೋಡದೆ "ಸಾಹೇಬರು ಮೀಟಿಂಗಲ್ಲಿದ್ದಾರೆ" ಎಂದ. ಯಾವ ಸಾಹೇಬರು ಎಂದು ಕೇಳಿದ್ದಕ್ಕೆ "ಎಲ್ಲಾ ಸಾಹೇಬರೂ" ಎಂದ. ಅವಳು ಗೋಡೆಯ ಗುಂಟ ಸುತ್ತಿ ಹಿಂಭಾಗಕ್ಕೆ ಹೋದಳು. ಗೋಡೆಯ ಮೇಲೆ ಉದ್ದಕ್ಕೂ ಮರ, ಗಿಳಿ, ತಿಳಿನೀರಿನ ಕೊಳದ ಚಿತ್ರ ಬರೆಸಿದ್ದರು. ಗೋಡೆ ಮುಗಿದಲ್ಲಿ, ಹೊಳೆಗೆ ಬಾಯ್ದೆರೆದ ದಪ್ಪ ಕೊಳವೆಯ ಪಕ್ಕ, ಬಣ್ಣದ ನೀರು ಬಿಡುವ ಕಬ್ಬಿಣದ ತಿರುಗಣೆಗೆ ಎರಡೂ ಕೈ ಹಾಕಿ ನಿಂತಿದ್ದವಳು ಅವಳ ಮಗಳು.

ಒಳಗೆ ಬಟ್ಟೆ ಮಡಿಸುವ ಕೆಲಸ ಎಂದು ಮಗಳು ಮನೆಯಲ್ಲಿ ಹೇಳಿದ್ದಳು.

"ನೀನೇನೇ?" ಎಂದಳು ದೊಡ್ಡಕ್ಕ.

"ಅಮ್ಮ! ಇಲ್ಲಿಗ್ಯಾಕೆ ಬಂದೆ?"

"ನನ್ನ ಹೊಟ್ಟೇಲಿ ಹುಟ್ಟಿ ನನ್ನ ಬಟ್ಟೆಗೇ ಬಣ್ಣ ಬಳೀತೀಯಲ್ಲೇ!"

"ಮೆಲ್ಲಗೆ ಮಾತಾಡು. ನಾನು ತೆಗೀದಿದ್ರೆ ಇನ್ನೊಬ್ಬಳು ತೆಗೀತಾಳೆ, ಅಷ್ಟೇ."

"ನೀರು ಶುದ್ಧ ಮಾಡೋ ಮಿಷನ್ ತಂದಿದ್ರಲ್ಲ, ಡೋಲು ಬಡ್ಕೊಂಡು? ಅದೆಲ್ಲಿ ಸತ್ತುಹೋಯ್ತು?"

"ಇದೆ. ಇನ್‌ಸ್ಪೆಕ್ಟರು ಬಂದಾಗ ಓಡುತ್ತೆ. ಬಾಕಿ ದಿನ ಕರೆಂಟೇ ಇರಲ್ಲ. ಜನರೇಟರಲ್ಲಿ ಓಡಿಸಿದ್ರೆ ಬಟ್ಟೆ ದುಬಾರಿ ಆಗುತ್ತಂತೆ. ದುಬಾರಿ ಆದ್ರೆ ಹೊರದೇಶದವರು ಬೇರೆ ಕಡೆ ಹೋಗ್ತಾರಂತೆ. ಅವರು ಹೋದ್ರೆ ನಾವೆಲ್ಲ ಮನೆಗೆ."

"ಹೋಗ್ರಿ ಮನೆಗೆ!"

"ಹೂಂ, ಹೇಳೋದು ಸುಲಭ. ಅಪ್ಪನ ಮಾತ್ರೆ ನಿನ್ನ ಬೆಡ್‌ಶೀಟಿಂದ ಬರುತ್ತಾ?"

ಕಲ್ಲು ಪುಡಿಮಾಡುವ ಕೆಲಸಕ್ಕೆ ಹೋಗಿ ಎದೆಯ ತುಂಬ ಧೂಳು ತುಂಬಿಕೊಂಡು ಬಂದ ದೊಡ್ಡಕ್ಕನ ಗಂಡ ಮಂಚ ಬಿಟ್ಟು ಏಳುತ್ತಿರಲಿಲ್ಲ. ಯಾರನ್ನು ಬೈಯಬೇಕು? ಮಗಳನ್ನೋ, ಸಾಹೇಬರನ್ನೋ, ಇಲ್ಲದ ಕರೆಂಟನ್ನೋ, ಎಲ್ಲೋ ಕೂತು ಅಗ್ಗದ ಅಂಗಿ ಬೇಕೆನ್ನುವ ಮುಖ ಕಾಣದ ಮಹಾನುಭಾವರನ್ನೋ? ಬೈಯಲು ಒಬ್ಬರೂ ಕೈಗೆ ಸಿಗದಿದ್ದುದೇ ಅವಳನ್ನು ಇನ್ನಷ್ಟು ರೇಗಿಸಿತು.

"ಒಂದು ಕೆಲಸ ಮಾಡೋಣ," ಎಂದು ಮಗಳು ದನಿ ತಗ್ಗಿಸಿದಳು. "ತಿರುಗಿಸೋ ಮುಂಚೆ ನಿಂಗೆ ಮಿಸ್ಡ್ ಕಾಲ್ ಕೊಡ್ತೀನಿ. ನಿನ್ನ ಬಟ್ಟೆ ಎತ್ಕೊಂಡುಬಿಡು. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ. ಮೇಸ್ತ್ರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

ಹಾಗೇ ನಡೆಯಿತು. ಸೊಂಟಕ್ಕೆ ಸಿಕ್ಕಿಸಿದ ಫೋನು ಗುರ್ ಎಂದರೆ ಸಾಕು, ದೊಡ್ಡಕ್ಕ "ಅಯ್ಯೋ, ಸೊಂಟ ಹಿಡ್ಕೊಂಡ್ತು" ಎಂದು ಗಂಟನ್ನು ದಡಕ್ಕೆ ಎಳೆದುಕೊಂಡು ಕುಳಿತುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಣ್ಣ ಬರುತ್ತಿತ್ತು, ಉಳಿದವರು ಕೂಗಾಡುತ್ತಿದ್ದರು. ಅವಳೂ ಜೊತೆಗೆ ಕೂಗಾಡುತ್ತಿದ್ದಳು, ಒಂದು ಕೈ ಹೆಚ್ಚಾಗಿಯೇ.

"ಏನು ಸೊಂಟ ಮಾರಾಯ್ತಿ ನಿಂದು!" ಎಂದಳು ಒಮ್ಮೆ ಪಿಟೀಲು. "ಅದು ಹಿಡ್ಕೊಂಡಾಗೆಲ್ಲ ನಿನ್ನ ಬಟ್ಟೆ ಬಚಾವು. ನಂಗೂ ಒಂದಿಷ್ಟು ಆ ನೋವು ಕೊಡಬಾರದಾ?" ಎಲ್ಲರೂ ನಕ್ಕರು. ದೊಡ್ಡಕ್ಕನೂ ನಕ್ಕಳು. ಸೆರಗನ್ನು ಫೋನಿನ ಮೇಲೆ ಎಳೆದುಕೊಂಡಳು.

ಲಾಡ್ಜಿನ ಮ್ಯಾನೇಜರು ಖುಷಿಯಾಗಿ ಪರದೆಗಳನ್ನೂ ಅವಳಿಗೇ ಕೊಟ್ಟ. ಆಸ್ಪತ್ರೆಯವರು ಮಾತ್ರ ಪಿಟೀಲಿಗೆ, ಇದೇ ಕೊನೆಯ ಗಂಟು, ಇದೂ ಕೆಟ್ಟರೆ ಮತ್ತೆ ಬರಬೇಡ ಎಂದಿದ್ದರು. ಆ ಬೆಳಿಗ್ಗೆ ಪಿಟೀಲು ಬಂದವಳು ಯಾರನ್ನೂ ಮಾತಾಡಿಸಲಿಲ್ಲ. ಬಿಸಿಲಿಗೂ ಗೊಣಗಲಿಲ್ಲ, ಸೋಪಿಗೂ ಗೊಣಗಲಿಲ್ಲ. ಗೌನುಗಳನ್ನು ಒಂದೊಂದಾಗಿ ಕುಕ್ಕಿ, ಮಗುವಿಗೆ ಸ್ನಾನ ಮಾಡಿಸುವ ಹಾಗೆ ಮೆಲ್ಲನೆ ನೀರಿಗಿಳಿಸುತ್ತಿದ್ದಳು.

ಫೋನು ಗುರ್ ಎಂದಿತು. ದೊಡ್ಡಕ್ಕ ತನ್ನ ಪರದೆಗಳನ್ನು ಬಾಚಿಕೊಂಡು ದಡ ಹತ್ತಿದಳು. ಕುಳಿತಳು. ತಕ್ಷಣವೇ ಎದ್ದಳು.

"ಏ ಪಿಟೀಲು! ಎತ್ತೇ ಬಟ್ಟೇನ! ಎಲ್ಲರೂ ಎತ್ತ್ರೇ! ಬಣ್ಣ ಬಿಡ್ತಿದ್ದಾರೆ!"

ಏನು ಎತ್ತ ಎಂದು ಕೇಳದೆ ಹೆಂಗಸರೆಲ್ಲ ಸಿಕ್ಕಿದ್ದನ್ನು ಎಳೆದುಕೊಂಡು ದಡಕ್ಕೆ ಓಡಿದರು. ಕಡುಗೆಂಪು ನೀರು ಬಂತು. ಬರೀ ಕಲ್ಲುಗಳನ್ನು ಸವರಿಕೊಂಡು ಹೋಯಿತು.

"ನಿಂಗೆ ಹೇಗೆ ಗೊತ್ತಾಯ್ತು?" ಎಂದು ಪಿಟೀಲು ಏದುಸಿರು ಬಿಡುತ್ತ ಕೇಳಿದಳು. ಈ ಸಲ ದೊಡ್ಡಕ್ಕ ಸೊಂಟದ ಸುದ್ದಿ ಎತ್ತಲಿಲ್ಲ. ಗಲಾಟೆ ಕೇಳಿ ಮೇಲಿನ ಗೋಡೆಯ ಬಳಿ ಮೇಸ್ತ್ರಿ ಬಂದು ಬಗ್ಗಿ ನೋಡುತ್ತಿದ್ದ. ಹೆಂಗಸರನ್ನು ನೋಡಿದ, ಹೊರಳಿ ಕೊಳವೆಯ ಕಡೆ ನೋಡಿದ.

ಸಂಜೆ ಮಗಳು ಬಂದವಳು ಚಪ್ಪಲಿಯನ್ನು ಮೂಲೆಗೆ ಒದ್ದಳು. "ಫೋನು ಇನ್ನೂ ಕೈಯಲ್ಲೇ ಇತ್ತು. ಸಿಕ್ಕಿಬಿದ್ದೆ. ನನ್ನನ್ನ ಬಣ್ಣದ ತೊಟ್ಟಿ ಕೆಲಸಕ್ಕೆ ಹಾಕಿದಾರೆ. ಕೆಲಸದಿಂದ ತೆಗೀಲಿಲ್ಲ ಅಂತ ನಾನೇ ಕೈ ಮುಗಿದು ಬಂದೆ." ಮೊಣಕೈವರೆಗೂ ಅವಳ ಕೈಗಳು ಕೆಂಪಾಗಿದ್ದವು.

"ಗ್ಲೌಸು ಕೊಡಲ್ವಾ?" ಎಂದು ಮಂಚದಿಂದ ಅಪ್ಪ ಕೆಮ್ಮುತ್ತ ಕೇಳಿದ.

"ಹರಿದಿವೆ. ಹೊಸವು ಇನ್‌ಸ್ಪೆಕ್ಟರು ಬರೋ ದಿನ." ಮಗಳು ಅಮ್ಮನ ಕಡೆ ತಿರುಗಿದಳು. "ಯಾರಿಗೂ ಹೇಳಬೇಡ ಅಂದಿದ್ದೆ."

"ಅಂದಿದ್ದೆ."

"ಮತ್ತೆ?"

"ಅವಳು ಸುಮ್ನಿದ್ಲು ಕಣೇ. ಪಿಟೀಲು. ಬೆಳಗಿಂದ ಒಂದು ಮಾತೂ ಆಡ್ಲಿಲ್ಲ. ನಂಗೆ ತಡ್ಕೊಳೋಕಾಗ್ಲಿಲ್ಲ."

ದೊಡ್ಡಕ್ಕ ಟಬ್ಬಿಗೆ ಕುಡಿಯುವ ನೀರನ್ನೇ ಸುರಿದಳು. ಬಟ್ಟೆ ಸೋಪು ತಂದು ಮಗಳನ್ನು ಎದುರಿಗೆ ಕೂರಿಸಿಕೊಂಡು ಕೈ ಉಜ್ಜತೊಡಗಿದಳು.

"ಬಿಡಮ್ಮ, ಅದು ಹೋಗಲ್ಲ."

"ಸುಮ್ನಿರು. ಎಂಥೆಂಥ ಕಲೆ ತೆಗೆದಿದೀನಿ."

"ಚರ್ಮ ಕಿತ್ತು ಬರುತ್ತೆ!"

ಉಗುರಿನ ಸಂದಿ, ಬೆರಳಿನ ಗೆರೆ, ಮಣಿಕಟ್ಟು, ಒಂದನ್ನೂ ಬಿಡದೆ ಉಜ್ಜಿದಳು. ಕೈ ಸ್ವಲ್ಪ ತಿಳಿಯಾಯಿತು, ನೀರು ಕೆಂಪಾಯಿತು.

ಟಬ್ಬನ್ನು ಎತ್ತಿಕೊಂಡು ಹಿಂಬಾಗಿಲು ತೆರೆದಳು. ಹೊಸ್ತಿಲ ಕೆಳಗೇ ಹೊಳೆಗೆ ಇಳಿದುಹೋಗುವ ಮೋರಿ. ಸುರಿಯಲೆಂದು ಬಗ್ಗಿದವಳು ಹಾಗೇ ನಿಂತಳು.

"ಚೆಲ್ಲಿ ಬಾಮ್ಮ, ಹಸಿವಾಗ್ತಿದೆ," ಎಂದು ಒಳಗಿನಿಂದ ಮಗಳು ಕೂಗಿದಳು.

ದೊಡ್ಡಕ್ಕ ಮೋರಿಯ ಆಚೆ ನೋಡಿದಳು, ಈಚೆ ನೋಡಿದಳು. ಟಬ್ಬಿನ ಅಂಚಿನಿಂದ ಕೆಂಪು ನೀರು ಅವಳ ಸೀರೆಯ ಮೇಲೆ ತುಳುಕುತ್ತಿತ್ತು.