ನಾಲ್ಕರ ಮೇಲೆ ಮುಟ್ಟುವವರು

"ಉಚ್ಚೆಚೀಲ ಖಾಲಿ ಮಾಡೋಕೆ ಎಷ್ಟು ನಿಮಿಷ ಹಿಡಿಯುತ್ತೆ?"

ಟ್ವೈಲಾಳಿಗೆ ದಿನಕ್ಕೆ ಎಷ್ಟು ಹೊತ್ತು ಆಳು ಬೇಕೆಂದು ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದಿದ್ದ ನರ್ಸಮ್ಮ ಅವಳ ಮುಖ ಕೂಡ ನೋಡದೆ ಕೇಳಿದಳು. ಮುಂದಿನದು ಇನ್ನೂ ಚೆನ್ನಾಗಿತ್ತು. "ಕುಂಡಿ ತೊಳೆಯೋಕೆ? ಎರಡೂ ಒಟ್ಟಿಗೇ ಮುಗಿಸೋಕಾಗಲ್ವಾ?"

"ನಿಮ್ಗೆ ಎರಡೂ ಒಟ್ಗೇ ಮುಗಿತದಾ ತಾಯಿ?" ಎಂದಳು ಟ್ವೈಲಾ.

ಸರ್ಕಾರದ ಸಂಬಳದ ಮೇಲೆ ಅವಳ ಆರೈಕೆಗಿದ್ದ ಒಡೆಸ್ಸಾ ಒಲೆಯ ಕಡೆ ತಿರುಗಿ ನಗು ನುಂಗಿಕೊಂಡಳು.

ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಬಂದವರ ಮುಂದೆ ಬಡತನ ಬಿಚ್ಚಿಡುವ ವಾಡಿಕೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು. ಟ್ವೈಲಾ ಬೆಳಿಗ್ಗೆಯಿಂದ ಒಡೆಸ್ಸಾಳ ಪ್ರಾಣ ತಿಂದು ತಲೆ ಬಾಚಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಸಿಕೊಂಡು, ಮೆಕ್ಕೆಜೋಳದ ರೊಟ್ಟಿ ಸುಡಿಸಿದ್ದಳು. ಕತ್ತು ಮುರಿದ ಮೇಲೆ ಅವಳ ಬೆರಳು ಮಡಚುವುದಿಲ್ಲ, ಕಾಲುಗಳ ಮಾತಂತೂ ಮುಗಿದೇ ಹೋಗಿತ್ತು. ಆದರೂ ಕಾಫಿ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಅಮುಕಿ ಎತ್ತಿ, ಒಂದು ಹನಿ ಚೆಲ್ಲದೆ ಕುಡಿದು ತೋರಿಸಿದಳು. ಬಿಗುಮಾನ ಅಂದರೆ ಅದು.

"ಪರವಾಗಿಲ್ವೇ, ಚೆನ್ನಾಗಿ ನಿಭಾಯಿಸ್ತೀರಿ," ಎಂದ ನರ್ಸಮ್ಮ ರೊಟ್ಟಿ ತಿಂದು ಹೋದಳು.

ಹಿಂದೆಯೇ ಆದೇಶ ಬಂತು. ಇಷ್ಟೆಲ್ಲ ನಿಭಾಯಿಸುವವಳಿಗೆ ರಾತ್ರಿಯವರೆಗೆ ಆಳು ಯಾಕೆ, ಸಂಜೆ ನಾಲ್ಕರವರೆಗೆ ಸಾಕು. ಸಾಲದಿದ್ದರೆ ಗುಡ್ಡದ ಮೇಲಿನ ಆರೈಕೆ ಕೇಂದ್ರಕ್ಕೆ ಸೇರಬಹುದು. ಆ ಕೇಂದ್ರಕ್ಕಾದರೆ ಸರ್ಕಾರ ಧಾರಾಳವಾಗಿ ಸುರಿಯುತ್ತದೆ, ನಮ್ಮ ಮನೆಯಲ್ಲೇ ಬದುಕುತ್ತೇವೆ ಅಂದರೆ ಮಾತ್ರ ಅದರ ಕೈ ಬಿಗಿ. ಟ್ವೈಲಾ ಹಿಂದೆ ಅಲ್ಲಿದ್ದು ಬಂದವಳು. ಬರುವಾಗ, ಮಲಗಿದಲ್ಲೇ ಬಿದ್ದು ಅವಳ ಬೆನ್ನಿಗಾಗಿದ್ದ ಹುಣ್ಣಿನೊಳಗೆ ಮುಷ್ಟಿ ಇಡಬಹುದಿತ್ತು.

"ಆ ದರಿದ್ರದ್ ಲೋಟ ಬೀಳಿಸ್ಬೇಕಿತ್ತು ಕಣೆ ನಾನು."

"ತುಟಿಗೆ ಬಣ್ಣ ಬ್ಯಾಡ ಅಂತ ಬಡ್ಕಂಡೆ," ಎಂದಳು ಒಡೆಸ್ಸಾ. "ನನ್ ಮಾತು ಎಂದ್ ಕೇಳಿದ್ದೆ ನೀನು?"

ಒಂದು ಸಂಜೆ ಒಡೆಸ್ಸಾ ಹೋದ ಮೇಲೆ ಕಾಲಿಗೆ ಕಟ್ಟಿದ್ದ ಚೀಲ ತುಂಬಿ, ಉಚ್ಚೆ ಹಿಂದಕ್ಕೆ ಒತ್ತಿ, ಕತ್ತು ಮುರಿದವರಿಗೆ ಆಗುವಂತೆ ರಕ್ತದೊತ್ತಡ ನೆತ್ತಿಗೇರಿ ಟ್ವೈಲಾ ಸಾಯುವುದರಲ್ಲಿದ್ದಳು. ಮರೆತ ಛತ್ರಿಗೆಂದು ಅವಳು ವಾಪಸು ಬಂದದ್ದಕ್ಕೆ ಜೀವ ಉಳಿಯಿತು. ವಿಷಯ ತಿಳಿದು, ಆರೈಕೆಗೆ ಆಳು ಕಳಿಸುವ ಕಚೇರಿಯವರು ಒಡೆಸ್ಸಾಳನ್ನೇ ಕರೆಸಿ ಉಗಿದರು. ನಾಲ್ಕರ ಮೇಲೆ ಇನ್ನೊಮ್ಮೆ ಮುಟ್ಟಿದರೆ ಕೆಲಸ ಹೋಗುತ್ತದೆ ಎಂದರು.

ಇದಕ್ಕೆಲ್ಲ ಸುಧಾರಣೆ ಎಂದು ಹೆಸರಿಟ್ಟು ಕಾನೂನು ತಂದವನು ಸೆನೆಟರ್ ಕ್ರೌಚ್. ಇಬ್ಬರೂ ವ್ಯಾನು ಹತ್ತಿ ಅವನ ಕಚೇರಿಗೇ ಹೊರಟರು. ಟ್ವೈಲಾ ದಾರಿಯುದ್ದಕ್ಕೂ ಐಸ್ ಹಾಕಿದ ಸಿಹಿ ಚಹಾ ಹೀರುತ್ತಲೇ ಇದ್ದಳು.

"ಸತ್ಗಿತ್ ಓದ್ರೆ ಏನ್ಲೇ ಮಾಡ್ಲಿ ನಾನು?" ಒಡೆಸ್ಸಾ ಅಳುತ್ತಲೇ ಗಾಡಿ ಓಡಿಸಿದಳು.

"ಮನೇಲಿ ಸತ್ರೆ ಒಬ್ಳೇ ಸಾಯ್ತೀನಿ. ಅಲ್ಲಾದ್ರೆ ಅವ್ನ್ ಕಣ್ಮುಂದೆ ಸಾಯ್ತೀನಿ. ಗಾಡಿ ಬುಡು."

ಕಚೇರಿಯಲ್ಲಿ ಕ್ರೌಚ್, ಗಾಲಿಕುರ್ಚಿಯಲ್ಲಿದ್ದ ಟ್ವೈಲಾಳ ತಲೆಯ ಮೇಲಿಂದ ಒಡೆಸ್ಸಾಳನ್ನು ನೋಡಿ ಕೇಳಿದ. "ಇವರಿಗೆ ಏನು ಬೇಕಂತೆ?"

"ಅವ್ಳನ್ನೇ ಕೇಳಿ. ಕಚ್ಚಾಕಿಲ್ಲ."

ಅವನು ಬಾಗಿ ಟ್ವೈಲಾಳ ತಲೆ ಸವರಿದ. "ನಿಮ್ಮಂಥವರನ್ನ ದೇವರು ಏನೋ ಉದ್ದೇಶ ಇಟ್ಕೊಂಡೇ ಹೀಗೆ ಮಾಡಿರ್ತಾನೆ ತಂಗಿ."

"ದ್ಯಾವ್ರಲ್ಲ ಸ್ವಾಮಿ ಇಂಗ್ ಮಾಡಿದ್ದು, ನಿಮ್ಮಾವನ ಗರಗಸದ ಮಿಲ್ಲು. ದಿಮ್ಮಿ ಉಳ್ಳಿ ಕತ್ತಿನ್ ಮ್ಯಾಲೆ ಬಿತ್ತು. ಕೈ ತಗೀರಿ."

"ಕೇಂದ್ರದಲ್ಲಿ ಎಲ್ಲ ಅನುಕೂಲ ಇದೆಯಲ್ಲ?"

"ಅಂಗಾರೆ ನಿಮ್ಮವ್ವನ್ನ ಬುಟ್ಬನ್ನಿ."

ಕ್ರೌಚ್ ಮುಖ ಗಂಟಿಕ್ಕಿದ. ಇವರನ್ನು ಹೊರಗೆ ಕಳಿಸು ಎಂದು ಗುಮಾಸ್ತೆಗೆ ಸನ್ನೆ ಮಾಡಿದ. ಟ್ವೈಲಾ ಮಣಿಕಟ್ಟಿನಿಂದ ಕುರ್ಚಿಯ ಗುಂಡಿ ಒತ್ತಿ ಮೋಟಾರು ಆರಿಸಿದಳು. ಮೋಟಾರು ಆರಿದರೆ ಆ ಕುರ್ಚಿಯ ಗಾಲಿಗಳು ಕಚ್ಚಿಕೊಂಡುಬಿಡುತ್ತವೆ. ಗುಮಾಸ್ತೆ ಭುಜ ಕೊಟ್ಟು ನೂಕಿದರೂ ಕುರ್ಚಿ ಅಲುಗಲಿಲ್ಲ.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಒಡೆಸ್ಸಾ ತನ್ನ ಕೋಟು ಹಾಕಿಕೊಂಡು ಬಾಗಿಲಾಚೆಯ ಬೆಂಚಿನ ಮೇಲೆ ಹೋಗಿ ಕೂತಳು.

"ಏನಮ್ಮ, ಇವರನ್ನ ಬಿಟ್ಟು ಎಲ್ಲಿಗೆ?" ಎಂದ ಕ್ರೌಚ್.

"ನಾಕಾಯ್ತು. ಇನ್ನು ಮುಟ್ಟಿದ್ರೆ ನನ್ ಕೆಲ್ಸ ಓಯ್ತದೆ. ನಿಮ್ದೇ ಕಾನೂನು."

ದಾರಿಯಲ್ಲಿ ಕುಡಿದ ಚಹಾಕ್ಕೆ ಚೀಲ ತುಂಬಿತ್ತು. ಟ್ವೈಲಾಳ ಮುಖ ಕೆಂಪೇರಿ, ಹಣೆಯಿಂದ ಬೆವರು ಇಳಿಯತೊಡಗಿತು. ತಲೆ ಒಡೆದುಹೋಗುವಷ್ಟು ನೋವು. ಅವಳಿಗೆ ಭಯವಾಗಿತ್ತು, ಆದರೆ ಅದನ್ನು ಈ ಗಂಡಸಿಗೆ ತೋರಿಸಲು ಅವಳು ತಯಾರಿರಲಿಲ್ಲ. ಇದು ಆಗುತ್ತಿರುವುದು ತುಂಬಿದ ಈ ಚೀಲದಿಂದ, ಬೇಗ ಖಾಲಿ ಮಾಡದಿದ್ದರೆ ತಲೆಯೊಳಗೆ ನರ ಒಡೆಯುತ್ತದೆ ಎಂದು ಅವಳೇ ತಿಳಿಸಿ ಹೇಳಿದಳು. ಕ್ರೌಚ್ ಆಂಬುಲೆನ್ಸಿಗೆ ಫೋನ್ ಮಾಡಿದ. ಹೋದ ವರ್ಷ ಊರಿನ ಆಸ್ಪತ್ರೆಯೂ ಸುಧಾರಣೆಯಾಗಿ ಅದಕ್ಕೆ ಬೀಗ ಬಿದ್ದಿತ್ತು. ಗುಡ್ಡದಾಚೆಯಿಂದ ಬರಬೇಕು, ತಡವಾಗುತ್ತದೆ ಎಂದರು ಅತ್ತಲಿಂದ.

"ಅದು ನನ್ನ ಕೆಲಸ ಅಲ್ಲ ಸರ್," ಎಂದು ಗುಮಾಸ್ತೆ ಹಿಂದೆ ಸರಿದಳು.

ಒಡೆಸ್ಸಾ ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತಿದ್ದಳು. ಬಿಟ್ಟರೆ ಅವು ಅವಳ ಮಾತು ಕೇಳುವಂತಿರಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಲಗಾಲ್ ಪ್ಯಾಂಟ್ ಮ್ಯಾಕ್ ಮಡ್ಚು," ಎಂದಳು ಟ್ವೈಲಾ ಕ್ರೌಚನಿಗೆ, ಈಗ ಏಕವಚನದಲ್ಲೇ. "ಚೀಲದ ತಳದಾಗೆ ಒಂದ್ ತಿರುಪು ಅದೆ. ಆ ಕಸದ ಬುಟ್ಟಿ ಕೆಳಗಿಡು. ಎಷ್ಟ್ ನಿಮ್ಷ ಇಡಿತದೆ ಅಂತ ನೀನೇ ನೋಡ್ಕೊ."

ಸೆನೆಟರ್ ಬಾಗಿಲ ಕಡೆ ನೋಡಿದ. ಯಾರೂ ಮುಂದೆ ಬರಲಿಲ್ಲ. ಅವನು ಕೋಟು ಬಿಚ್ಚಿ, ಕಸದ ಬುಟ್ಟಿ ಎಳೆದುಕೊಂಡು, ಅವಳ ಕಾಲ ಬಳಿ ಮಂಡಿಯೂರಿದ. ಪ್ಯಾಂಟಿನ ಅಂಚಿಗೆ ಕೈ ಚಾಚಿದ.

"ತಡಿ," ಎಂದಳು ಟ್ವೈಲಾ. "ಮೊದ್ಲು ಕೈ ತೊಳ್ಕಂಡ್ ಬಾ."