ಅಜ್ಜಿಗೆ ಹೇಳು ಮಗಳೇ

ಗುಡಾರಕ್ಕೆ ಇನ್ನು ನಾಲ್ಕು ಮಾರು ಇರುವಾಗಲೇ ಕಂಗಿ ಕುದುರೆಯಿಂದ ಇಳಿದ. ನೀಲಿ ಕೋಟಿನ ಕಾಲರನ್ನು ಕೆನ್ನೆಯವರೆಗೂ ಎಳೆದುಕೊಂಡು, ಗುಡಾರದ ಕಡೆಗೆ ಬೆನ್ನು ಹಾಕಿ ನಿಂತುಬಿಟ್ಟ.

“ಏನು ಬಂತು ಇವನಿಗೆ?” ಬುಡಕಟ್ಟಿನವರ ಮೇಲೆ ಬಿಳಿಯರ ಸರ್ಕಾರ ಕೂರಿಸಿದ್ದ ಏಜೆಂಟ್ ಪ್ರೂಯಿಟ್ ತಡಿಯ ಮೇಲೆ ಕೂತೇ ಕೇಳಿದ.

“ಅತ್ತೆ ಕೂತಿದ್ದಾಳೆ ದೊರೆ, ಬಾಗಿಲಲ್ಲೇ.” ದುಭಾಷಿ ಅಂತ್ವಾನ್ ಹ್ಯಾಟು ತೆಗೆದು ತಲೆ ಕೆರೆದುಕೊಂಡ. ತಾಯಿ ಕಂಗಿಯ ಹಾಗೇ ಲಕೋಟಾ ಬುಡಕಟ್ಟಿನವಳು, ತಂದೆ ಫ್ರೆಂಚ್ ವ್ಯಾಪಾರಿ. ಎರಡೂ ಕಡೆಯವರ ಬೈಗುಳ ತಿಂದು ದೊಡ್ಡವನಾದ ಪ್ರಾಣಿ ಅವನು. “ಅಳಿಯ ಆದವನು ಅತ್ತೆ ಮುಖ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಮರ್ಯಾದೆ ಅದು.”

“ಬಂದೂಕು ಕೊಟ್ಟು ಸಾಕಿದ ಪೊಲೀಸು ಮುದುಕಿಗೆ ಹೆದರ್ತಾನಾ?” ಏಜೆಂಟ್ ಹೊಟ್ಟೆ ಕುಲುಕಿಸಿಕೊಂಡು ನಕ್ಕ. ನಗು ಮುಗಿದ ಮೇಲೆ ಮುಖ ಇನ್ನಷ್ಟು ಕೆಂಪಾಯಿತು. “ಆ ನಾಯಿಗೆ ಹೇಳು. ಗಂಟು ತಂದು ನನ್ನ ಕಣ್ಣೆದುರು ಸುಡಬೇಕು. ಈಗಲೇ.”

ಅಂತ್ವಾನ್ ಕಂಗಿಯ ಹತ್ತಿರ ಬಂದು ದನಿ ಇಳಿಸಿದ. “ಗಂಟು ತರಬೇಕಂತೆ ಮಾರಾಯ. ಬೈಗುಳ ನಾನೇ ನುಂಗಿದ್ದೀನಿ, ನಿನಗೆ ಬೇಡ.”

“ಅತ್ತೆ ಏಳೋವರೆಗೂ ಆಗಲ್ಲ ಅನ್ನು. ಇವತ್ತು ವಾಪಸ್ ಹೋಗೋಣ ಅನ್ನು.”

ಇದು ಕಂಗಿಯದೇ ಹೂಟ. ಸತ್ತವರ ಆತ್ಮದ ಗಂಟು ಯಾರ ಮನೆಯಲ್ಲೂ ಇರಕೂಡದೆಂದು ಏಜೆಂಟ್ ಅಪ್ಪಣೆ ಹೊರಡಿಸಿದಾಗ, ಅತ್ತೆ ಅನ್ಪೋ ಮುದುಕಿಯ ಗುಡಾರಕ್ಕೆ ನಾನೇ ಹೋಗ್ತೀನಿ ಎಂದು ಮುಂದೆ ಬಿದ್ದವನು ಅವನೇ. ಆಮೇಲೆ ನೆರೆಯ ಹೆಂಗಸಿನ ಕೈಲಿ ಅತ್ತೆಗೆ ಹೇಳಿ ಕಳಿಸಿದ್ದ: ಬಾಗಿಲಲ್ಲಿ ಕೂರಲಿ, ಏನೇ ಆದರೂ ಏಳದಿರಲಿ. ಅಳಿಯ ಬಂದ, ಅತ್ತೆ ಕೂತಿದ್ದಾಳೆ. ಇನ್ನೇನಿದೆ, ಬಂದವರು ಕುದುರೆ ತಿರುಗಿಸಿಕೊಂಡು ಹೋಗುತ್ತಾರೆ. ಹುಟ್ಟಿದಾಗಿನಿಂದ ಅವನು ಕಂಡ ಲೋಕದಲ್ಲಿ ಹಾಗಲ್ಲದೆ ಬೇರೆ ನಡೆದದ್ದೇ ಇಲ್ಲ. ಕಾಡುಚೆರ್ರಿ ಹಣ್ಣಾಗುವವರೆಗೆ ಹೀಗೇ ತಳ್ಳಿದರೆ ಸಾಕು, ವರ್ಷ ತುಂಬುತ್ತದೆ. ಊಟ ಹಾಕಿ, ಇದ್ದಬದ್ದದ್ದನ್ನೆಲ್ಲ ದಾನ ಮಾಡಿ, ಗಂಟು ಬಿಚ್ಚಿದರೆ ಮಗು ನಕ್ಷತ್ರದ ದಾರಿ ಹಿಡಿದು ಹೋಗುತ್ತದೆ. ಅದಕ್ಕೆ ಮೊದಲೇ ಸುಟ್ಟರೆ ದಾರಿ ಸಿಗದೆ ಅಲೆಯುತ್ತಲೇ ಇರುತ್ತದೆ.

ಆ ಗಂಟಿನಲ್ಲಿದ್ದದ್ದು ಅವನ ಮಗಳು ವಿಯಾಕಾಳ ಒಂದು ಹಿಡಿ ಕೂದಲು.

ಹೆರಿಗೆಯಲ್ಲೇ ಹೆಂಡತಿ ಸತ್ತಳು. ಮಗುವನ್ನು ಸಾಕಿದ್ದು ಅತ್ತೆ. ಅತ್ತೆ ಗುಡಾರದ ಒಳಗೆ, ಅಳಿಯ ಹೊರಗೆ, ನಡುವೆ ಮಾತು ಹೊತ್ತುಕೊಂಡು ಓಡಾಡುತ್ತಿದ್ದದ್ದು ಆ ಚೋಟುದ್ದದ ಹುಡುಗಿ. “ಅಪ್ಪಾ, ಅಜ್ಜಿ ಹೇಳ್ತಾಳೆ, ದನ ಕೊಯ್ದ ಕೈ ಒರೆಸಿಕೊಂಡು ಊಟಕ್ಕೆ ಕೂರಬೇಕಂತೆ. ನಾರ್ತಾ ಇದೆಯಂತೆ.” ಆಮೇಲೆ ತನ್ನದೊಂದು ಸೇರಿಸುತ್ತಿದ್ದಳು: “ನಿನ್ನ ಪಾಲಿನ ನಾಲಿಗೆ ಮಾಂಸ ವಿಯಾಕಾಗೆ ಕೊಡಬೇಕಂತೆ.”

“ಅದೂ ಅಜ್ಜಿ ಹೇಳಿದ್ದಾ?”

“ಹೂಂ. ಮನಸ್ಸಲ್ಲಿ ಹೇಳಿದಳು.”

ಅವಳಿಗೆ ಎರಡು ತುತ್ತು ಹೆಚ್ಚು ಸಿಗಲೆಂದೇ ಅವನು ಜಡೆ ಕತ್ತರಿಸಿ, ಎದೆಗೆ ತಗಡಿನ ಬಿಲ್ಲೆ ಚುಚ್ಚಿಕೊಂಡು ಏಜೆಂಟನ ಪೊಲೀಸಾದದ್ದು. ಅದೇ ಏಜೆಂಟ್ ಅವಳನ್ನು ಬಿಳಿಯರ ಶಾಲೆಗೆ ಎಳೆದುಕೊಂಡು ಹೋದ. ಹೋದ ವರ್ಷ ಕಾಡುಚೆರ್ರಿ ಹಣ್ಣಾಗುವ ಹೊತ್ತಿಗೆ ಕೆಮ್ಮಿ ಕೆಮ್ಮಿ ಸತ್ತಳು. ಅಯ್ಯೋ, ಅವಳು ಹೋದ ಮೇಲೆ ಅತ್ತೆಗೂ ಅಳಿಯನಿಗೂ ನಡುವೆ ಮಾತೇ ಸತ್ತುಹೋಗಿತ್ತು.

ಏಜೆಂಟನ ಚಾವಟಿ ಕಂಗಿಯ ಕುತ್ತಿಗೆಗೆ ಸುತ್ತಿಕೊಂಡಿತು. ಎರಡನೆಯ ಏಟು ಕಿವಿಯ ಮೇಲೆ ಬಿತ್ತು, ಮೂರನೆಯದು ಕೆನ್ನೆ ಸೀಳಿತು. ಅವನು ಹಲ್ಲು ಕಚ್ಚಿ ಹೊಳೆಯ ಕಡೆ ನೋಡುತ್ತ ನಿಂತ. ಹೊಡೀಲಿ. ಹೊಡೆದು ಸುಸ್ತಾಗಿ ಹೋಗಲಿ.

“ದೊರೆ, ಬೇಡಿ, ಅಲ್ಲಿಗೆ ಹೋಗಬೇಡಿ!” ಅಂತ್ವಾನ್ ಕೂಗಿದ.

ಬೂಟಿನ ಸದ್ದು ಕಂಗಿಯನ್ನು ದಾಟಿ ಹಿಂದಕ್ಕೆ ಹೋಯಿತು. ಇಂಥದ್ದೂ ಆಗಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಶಿಬಿರದಲ್ಲಿ ನರಪಿಳ್ಳೆಯೂ ಇಲ್ಲ, ಪಡಿತರದ ದನ ಹಂಚುವ ದಿನವೆಂದು ಎಲ್ಲರೂ ಏಜೆಂಟನ ಕಚೇರಿಯಿರುವ ಏಜೆನ್ಸಿಗೆ ಹೋಗಿದ್ದರು. ಆ ಕಳ್ಳ ಏಜೆಂಟ್ ಬೇಕೆಂದೇ ಇವತ್ತಿನ ದಿನ ಆರಿಸಿದ್ದ.

ಬೆನ್ನ ಹಿಂದೆ, ಗಂಟು ನೇತುಹಾಕುವ ಮೂರುಕಾಲಿನ ಕಂಬ ಲಟಕ್ಕನೆ ಮುರಿಯಿತು. ಮಗುವಿಗೆಂದು ಬಡಿಸಿಟ್ಟ ಬಟ್ಟಲು ಉರುಳಿತು. ಮುದುಕಿ ಬೈಯಲಿಲ್ಲ, ಕಿರುಚಲಿಲ್ಲ. ಆತ್ಮ ಇರುವ ಕಡೆ ಕೂಗಬಾರದು, ಕತ್ತಿ ಹಿರಿಯಬಾರದು, ರಕ್ತ ಬೀಳಬಾರದು. ಅದನ್ನೆಲ್ಲ ಅವಳು ಇಷ್ಟು ತಿಂಗಳೂ ಕಣ್ಣಲ್ಲಿ ಕಣ್ಣಿಟ್ಟು ಪಾಲಿಸಿಕೊಂಡು ಬಂದವಳು.

“ಬಿಡೇ! ಬಿಡು ಅಂದೆ!”

ಧೊಪ್ಪೆಂದಿತು. ಬಂದೂಕಿನ ಹಿಡಿ ಮೈಗೆ ಬಿದ್ದ ಸದ್ದು ಕಂಗಿಗೆ ಚೆನ್ನಾಗಿ ಗೊತ್ತು. ಏಜೆಂಟನ ಮಾತು ಕೇಳಿಕೊಂಡು ಅವನೂ ಎಷ್ಟೋ ಜನಕ್ಕೆ ಹಾಗೆ ಹೊಡೆದಿದ್ದ. ಮತ್ತೊಂದು ಸಲ ಧೊಪ್ಪೆಂದಿತು. ಈ ಸಲ ಅದರೊಳಗೆ ಎಲುಬು ಮುರಿದ ಸದ್ದೂ ಇತ್ತು.

“ತಿರುಗೋ ಕಂಗಿ! ಕೊಲ್ತಾನೆ ಮುದುಕೀನ!” ಅಂತ್ವಾನನ ದನಿ ಒಡೆದುಹೋಯಿತು. “ಕಲ್ಲಾಗಿದ್ದೀಯೇನೋ, ತಿರುಗೋ!”

ಕಂಗಿ ತಿರುಗಿದ. ತಲೆ ತಗ್ಗಿಸಿಕೊಂಡೇ ತಿರುಗಿದ. ನೆಲದ ಮೇಲೆ ಚೆಲ್ಲಿದ ಗಂಜಿ ಕಂಡಿತು, ಎರಡು ಬೂಟು ಕಂಡವು. ಆ ಬೂಟುಗಳನ್ನಷ್ಟೇ ನೋಡುತ್ತ ನುಗ್ಗಿ, ತನ್ನ ಬಂದೂಕನ್ನು ತಿರುಗಾಮುರುಗಾ ಹಿಡಿದು ಬೀಸಿದ. ಏಜೆಂಟ್ ಮಂಡಿಯೂರಿದ. ಬಿದ್ದಲ್ಲಿಂದಲೇ ಪಿಸ್ತೂಲು ಎಳೆದು ಗುಂಡು ಹಾರಿಸಿದ. ಅದು ಕಂಗಿಯ ಪಕ್ಕೆಯ ಚರ್ಮ ಕಿತ್ತುಕೊಂಡು ಹೋಯಿತು. ಕಂಗಿ ಅವನ ಕೈ ತುಳಿದು ಮುರಿದ. ಆಮೇಲೆ ಎಷ್ಟು ಸಲ ಹೊಡೆದನೋ ಲೆಕ್ಕವಿಲ್ಲ. ಒಂದು ಏಟು ಮಗಳಿಗೆ, ಒಂದು ಏಟು ತನ್ನ ಜಡೆಗೆ, ಉಳಿದವು ತಾನೇ ಹೂಡಿದ ಆ ಹಾಳು ಹೂಟಕ್ಕೆ. ಏಜೆಂಟನ ಬಾಯಿಂದ ಮೊದಲು ಬೈಗುಳ ಬಂತು, ಆಮೇಲೆ ದೇವರ ಹೆಸರು ಬಂತು, ಆಮೇಲೆ ಬರೀ ನೊರೆ ಬಂತು. ಬಂದೂಕಿನ ಮರದ ಹಿಡಿ ಸೀಳಿದ ಮೇಲೆಯೇ ಕಂಗಿ ನಿಲ್ಲಿಸಿದ್ದು.

“ಸತ್ತ,” ಅಂದ ಅಂತ್ವಾನ್. “ಗುಂಡಿನ ಸದ್ದು ಏಜೆನ್ಸಿಯ ಸೈನಿಕರಿಗೆ ಕೇಳಿರುತ್ತೆ. ಕುದುರೆ ಹತ್ತು. ಓಡು! ನಾನು ನೋಡಿಲ್ಲ, ನಾನು ಇಲ್ಲಿಗೆ ಬಂದೇ ಇಲ್ಲ.” ಅಷ್ಟಂದು ತನ್ನ ಕುದುರೆ ಏರಿ ಹೊಳೆಯತ್ತ ಹೋದ.

ಕಂಗಿ ಅಲ್ಲೇ ಕುಸಿದು ಕೂತ. ಕೂರುವಾಗಲೂ ಗುಡಾರದ ಕಡೆಗೆ ಬೆನ್ನು ಮಾಡಿಯೇ ಕೂತ. ಹಿಂದೆ ಮುದುಕಿಯ ಉಸಿರು ಗೊರಗೊರ ಎನ್ನುತ್ತಿತ್ತು. ಶಾಲು ಎಳೆದುಕೊಂಡ ಸರಸರ ಸದ್ದು ಕೇಳಿತು. ಅಂಥ ಹೊತ್ತಿನಲ್ಲೂ, ಅಳಿಯ ಇಲ್ಲೇ ಇದ್ದಾನೆಂದು, ಪುಣ್ಯಾತ್ಗಿತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

“ವಿಯಾಕಾ,” ಎಂದಳು ಅನ್ಪೋ.

ಕಂಗಿ ತಿರುಗದೆ, ಕಿವಿಗೊಟ್ಟು ಕೂತ.

“ಮಗಳೇ, ನಿಮ್ಮಪ್ಪನಿಗೆ ಹೇಳು. ಮೊದಲು ಕೈ ಒರೆಸಿಕೊಳ್ಳಲಿ. ರಕ್ತದ ಕೈಯಲ್ಲಿ ನಿನ್ನ ಮುಟ್ಟೋದು ಬೇಡ.”

ಕಾಲ ಬಳಿ ಬೂದುಬಣ್ಣದ ಘಮಲಿನ ಸೊಪ್ಪು ಬೆಳೆದಿತ್ತು. ಕಂಗಿ ಅದನ್ನು ಹಿಡಿಹಿಡಿಯಾಗಿ ಕಿತ್ತು ಅಂಗೈ ಉಜ್ಜಿದ, ಬೆರಳು ಉಜ್ಜಿದ, ಉಗುರಿನ ಸಂದು ಉಜ್ಜಿದ. ಆಮೇಲೆ ಹೇಳಿದ.

“ಅಜ್ಜಿಗೆ ಹೇಳು ಮಗಳೇ. ಒರೆಸಿಕೊಂಡೆ ಅಂತ.”

“ನಿನ್ನನ್ನು ಬೆನ್ನಿಗೆ ಕಟ್ಟಿಕೊಳ್ಳಲಿ.” ಒಂದೊಂದು ಮಾತಿಗೂ ಉಸಿರು ಬೇರೆಬೇರೆಯಾಗಿ ಹುಡುಕಬೇಕಿತ್ತು ಅವಳಿಗೆ. “ಚೆರ್ರಿ ಹಣ್ಣಾಗೋವರೆಗೂ ಬಿಚ್ಚೋದು ಬೇಡ. ಕುದುರೆ ಬೇಡ ಅನ್ನು, ಓಡೋದೂ ಬೇಡ. ನಿಧಾನಕ್ಕೆ ನಡೀಲಿ. ನೀನು ಕುಲುಕಬಾರದು.”

ಕಂಗಿ ಕೈಯನ್ನು ಹಿಂದಕ್ಕೆ ಚಾಚಿದ. ಕೆಂಪು ಬಟ್ಟೆ ಸುತ್ತಿದ ಗಂಟು ಅಂಗೈ ಮೇಲೆ ಬಂದು ಕೂತಿತು. ಅತ್ತೆಯ ಬೆರಳು ಅವನಿಗೆ ತಾಗಲಿಲ್ಲ. ತಾಗದ ಹಾಗೆ ಇಟ್ಟಿದ್ದಳು. ಗಂಟು ಇನ್ನೂ ಅವಳ ಮೈಯ ಬಿಸಿಯಲ್ಲಿತ್ತು, ಅದಕ್ಕೆ ಒಂದು ಹನಿ ರಕ್ತವೂ ಸೋಕಿರಲಿಲ್ಲ. ಅವನು ನೀಲಿ ಕೋಟು ಕಳಚಿ, ತಗಡಿನ ಬಿಲ್ಲೆ ಕಿತ್ತೆಸೆದು, ಕೋಟನ್ನೇ ಜೋಲಿ ಮಾಡಿ ಕೂಸಿನಂತೆ ಮಗಳನ್ನು ಬೆನ್ನಿಗೆ ಕಟ್ಟಿಕೊಂಡ.

“ಅಜ್ಜಿಗೆ ಹೇಳು, ಎತ್ಕೊಂಡೆ ಅಂತ. ನೀನೂ ಬಾ ಅಜ್ಜಿ ಅಂತ ಕರಿ. ನಿಧಾನಕ್ಕೇ ನಡೀತೀನಿ ಅನ್ನು.”

ಹಿಂದೆ ಗೊರಗೊರ ಸದ್ದು ನಿಂತಿತ್ತು.

“ಕೇಳು ಮಗಳೇ. ಇನ್ನೊಂದು ಸಲ ಕೇಳು.”

ಅವನು ಕಾದ. ಏಜೆನ್ಸಿಯ ದಾರಿಯಲ್ಲಿ ಧೂಳೆದ್ದಿತು, ಧೂಳಿನೊಳಗಿಂದ ಕುದುರೆಗಳ ತಲೆ ಒಂದೊಂದಾಗಿ ಮೂಡಿದವು. ಕಂಗಿ ಎದ್ದ. ಹಿಂದಿರುಗಿ ನೋಡಲಿಲ್ಲ. ಜೋಲಿಯ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು, ಹೊಳೆಯ ಆಚೆಯ ಗುಡ್ಡದ ಕಡೆಗೆ, ಮಲಗಿದ ಮಗುವಿಗೆ ಎಚ್ಚರವಾಗದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತ ನಡೆದ.