ಕುಬಸದ ಬಳೆಗಳು

ಫ್ಯಾನಿನ ರೆಕ್ಕೆಯೊಂದು ಎಲ್ಲೋ ತಾಕುತ್ತಿದೆ, ಟಕ್, ಟಕ್, ನಾಗಪುರದ ಧರಮಪೇಠದ ಈ ಕಿವಿಯ ಕ್ಲಿನಿಕ್ಕಿನಲ್ಲಿ ಕೂತ ಎಲ್ಲರಿಗೂ ಅದು ಕೇಳುತ್ತದೆ, ವಿಜಯಾಳ ಗಂಡ ನಂದೀಶನ ತೊಡೆಯ ಮೇಲಿನ ಮಗಳು ಅನ್ವಿತಾಗೆ ಕೇಳುತ್ತದೋ ಇಲ್ಲವೋ, ಹತ್ತು ತಿಂಗಳ ಕೂಸು, ಡಾಕ್ಟರು ಹಿಂದಿನಿಂದ ಗಿಲಕಿ ಆಡಿಸಿದರು, ಗಂಟೆ ಬಾರಿಸಿದರು, ತಿರುಗಲಿಲ್ಲ — ತಿರುಗುತ್ತಾಳೆ, ವಿಜಯಾಗೆ ಗೊತ್ತು, ಗಿಲಕಿ ಯಾರದೋ ಸದ್ದು, ಈ ಬಳೆಗಳದು ಹೊಟ್ಟೆಯೊಳಗಿಂದಲೇ ಕೇಳಿದ್ದು, ಅದಕ್ಕೇ ಇವತ್ತು ಗಂಟು ಬಿಚ್ಚಿ ಕುಬಸದ ಹಸಿರು ಬಳೆಗಳನ್ನೇ ತೊಟ್ಟು ಬಂದಿದ್ದಾಳೆ. ಏಳನೆಯ ತಿಂಗಳ ಕುಬಸ, ಬ್ಯಾಡವಾ, ಎಲ್ಲಾ ಕಡೆ ಕರೋನಾ ಐತಿ, ಎಂದು ಬಾಗಲಕೋಟೆಯಿಂದ ಫೋನಿನಲ್ಲಿ ಅವ್ವ, ಮುಂದ ನೋಡೂಣು ಬಿಡು, ಎಂದು ಡ್ಯೂಟಿಗೆ ಹೊರಟ ನಂದೀಶ, ಇವಳೇ ಹಟ ಹಿಡಿದಳು, ಚೊಚ್ಚಲ ಬಸಿರು, ನಾಗಪುರಕ್ಕೆ ತವರಿನವರು ಬರುವ ಹಾಗಿಲ್ಲ, ಬರಿಗೈಲೆ ಹಡೀಬೇಕೇನ್ರಿ ನಾನು, ಐದೇ ಮಂದಿ ಮುತ್ತೈದೆಯರು, ರೈಲ್ವೆ ಕ್ವಾರ್ಟರ್ಸಿನವರೇ — ಪಕ್ಕದ ಮನೆಯ ಸಾವಿತ್ರಮ್ಮ ಕೈಹಿಡಿದು ಒಂದೊಂದೇ ಬಳೆ ಏರಿಸುತ್ತ ಮುಖ ಆಚೆ ಮಾಡಿ ಕೆಮ್ಮಿದರು, ಒಗ್ಗರಣಿ ಘಾಟ ನೋಡವಾ, ಏನಿಲ್ಲ, ಅಂದರು, ಹದಿನೈದು ದಿನಕ್ಕೆ ಹೋಗಿಯೇಬಿಟ್ಟರು, ಯಾರನ್ನು ಬಯ್ಯಬೇಕು, ಸತ್ತವರನ್ನೇ? ಆಮೇಲೆ ಇವಳಿಗೂ ಜ್ವರ, ಉಸಿರೇ ಸಾಲದು, ಬಳೆ ಬಿಚ್ಚಿ ಚೀಲಕ್ಕೆ ಹಾಕಿದ ನರ್ಸ್, ಎಂಟು ತುಂಬುವ ಮೊದಲೇ ಕೊಯ್ದು ತೆಗೆದ ಕೂಸು, ಗಾಜಿನ ಪೆಟ್ಟಿಗೆಯಲ್ಲಿ ನಳಿಕೆಗಳ ನಡುವೆ, ಹದಿನೇಳು ದಿನ ಮಗಳನ್ನು ಮುಟ್ಟಲಿಲ್ಲ, ಮೊಬೈಲಿನಲ್ಲಿ ನೋಡುತ್ತ ಎದೆಹಾಲು ಹಿಂಡಿ ಚೆಲ್ಲಿದಳು. ಕಿವಿ ಹೋಗಿದ್ದರೂ ಅದು ಕರೋನಾದಿಂದಲೇ ಅನ್ನಲಾಗದು, ದಿನ ತುಂಬದ ಕೂಸುಗಳಿಗೆ ಹೀಗಾಗುವುದುಂಟು, ಎಂದು ಡಾಕ್ಟರು ಹಿಂದಿಯಲ್ಲಿ, ಮೆತ್ತಗೆ — ಹಾಗಾದರೆ ದಿನ ತುಂಬಗೊಡದವರು ಯಾರು, ಬಳೆ ಬೇಕೆಂದವಳು ಯಾರು? ಒಮ್ಮೆ ಈ ಬಳೆ ಆಡಿಸಲೇ ಸಾಬ್, ಆಡಿಸಿ, ಅಂದರು ಡಾಕ್ಟರು, ಕಿಟಕಿಯ ಬಿಸಿಲಿನಲ್ಲಿ ನಿಂತು ಮಗಳ ಬೆನ್ನ ಹಿಂದೆ ಕೈಯೆತ್ತಿ, ಘಲ್ — ತಿರುಗಿದಳು! ಪಕ್ಕಕ್ಕೆ ತಿರುಗಿ ಕೈಚಾಚಿ ನಕ್ಕಳು, ಕೇಳತೈತ್ರಿ, ನನ್ನ ಕೂಸಿಗೆ ಕೇಳತೈತಿ, ನಂದೀಶನ ಕಣ್ಣು ತುಂಬಿತು, ಡಾಕ್ಟರು ಮಾತ್ರ ಪಕ್ಕದ ಗೋಡೆ ನೋಡಿದರು, ಬಳೆಗಳ ಹಸಿರು ಬೆಳಕು ಅಲ್ಲಿ ಕುಣಿಯುತ್ತಿತ್ತು, ಪರದಾ ಲಗಾವೋ, ಅಂದರು. ಕಿಟಕಿಯ ಪರದೆ ಎಳೆದಾಯಿತು. ಘಲ್, ಕಿವಿಯ ಹತ್ತಿರವೇ, ಘಲ್, ಇನ್ನೂ ಜೋರಾಗಿ, ಒಂದು ಬಳೆ ಒಡೆದು ಕೆಳಗೆ ಬಿತ್ತು, ಸಾಕು ಬಿಡು ವಿಜಯಾ, ಘಲ್, ಘಲ್ — ಮಗಳು ಆ ಗೋಡೆಯನ್ನೇ ನೋಡುತ್ತಿದ್ದಾಳೆ, ಹಸಿರು ಎಲ್ಲಿ ಹೋಯಿತೆಂದು.